ಗ್ಲುಟೆನ್ ಇಲ್ಲದ ಚಾಕೊಲೆಟ್, ಸಕ್ಕರೆ ಇಲ್ಲದ ಚಾಕೊಲೆಟ್

ಜರ್ಮನಿಯ ಯಾವುದೇ ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ಚಾಕೊಲೆಟಿಗೆಂದೇ ಒಂದು ಇಡೀ ಸಾಲು ಮೀಸಲಾಗಿರುತ್ತದೆ. ಅದನ್ನು ದಾಟಿ ಮುಂದೆ ಹೋದರೆ, ಸಾಮಾನ್ಯವಾಗಿ ಸಾವಯವ ಧಾನ್ಯಗಳ ಪಕ್ಕದಲ್ಲಿ, ಇನ್ನೊಂದು ಸಣ್ಣ ಕಪಾಟು ಸಿಗುತ್ತದೆ. ಅಲ್ಲಿರುವ ಚಾಕೊಲೆಟುಗಳ ಹೊದಿಕೆಯ ಮೇಲೆ ಇರುವುದಕ್ಕಿಂತ ಇಲ್ಲದಿರುವುದರ ವಿವರವೇ ದೊಡ್ಡ ಅಕ್ಷರದಲ್ಲಿರುತ್ತದೆ: ‘ಗ್ಲೂಟೆನ್‌ಫ್ರೈ’ ಎಂದರೆ ಗ್ಲುಟೆನ್ ಇಲ್ಲದ್ದು, ‘ತ್ಸುಕರ್‌ಫ್ರೈ’ ಎಂದರೆ ಸಕ್ಕರೆ ಇಲ್ಲದ್ದು, ‘ಓನೆ ತ್ಸುಕರ್‌ತ್ಸೂಜಾಟ್ಸ್’ ಎಂದರೆ ಸಕ್ಕರೆ ಸೇರಿಸದೆ ಮಾಡಿದ್ದು. ಬಹಳ ವರ್ಷ ನಾನು ಈ ಕಪಾಟನ್ನು ನೋಡಿಯೂ ನೋಡದಂತೆ ದಾಟಿ ಹೋಗುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಅದರ ಮುಂದೆ ನಿಂತು ಒಂದೊಂದೇ ಹೊದಿಕೆಯನ್ನು ತಿರುಗಿಸಿ ಓದುವ ಪ್ರಸಂಗ ಬಂತು.

ಕಾರಣ ಸರಳವಾದದ್ದು. ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಅವಳಿಗೆ ಸೀಲಿಯಾಕ್ ಕಾಯಿಲೆ ಇರುವುದು ಪತ್ತೆಯಾಯಿತು. ನನ್ನ ತಂದೆಯವರು ಪುತ್ತೂರಿನ ಬಳಿಯ ಊರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಅವರಿಗೆ ಇಪ್ಪತ್ತು ವರ್ಷಗಳಿಂದ ಮಧುಮೇಹ. ಡಿಸೆಂಬರ್ 6 ಇಲ್ಲಿ ಸಂತ ನಿಕೊಲಾಸನ ದಿನ. ಮಕ್ಕಳು ಹಿಂದಿನ ರಾತ್ರಿ ಬೂಟುಗಳನ್ನು ಬಾಗಿಲಿನ ಹೊರಗಿಟ್ಟರೆ ಬೆಳಿಗ್ಗೆ ಅವುಗಳಲ್ಲಿ ಚಾಕೊಲೆಟ್ ತುಂಬಿರಬೇಕು. ಈ ಸಲ ಅಜ್ಜನ ಚಪ್ಪಲಿಯನ್ನೂ ತನ್ನ ಬೂಟಿನ ಪಕ್ಕದಲ್ಲಿ ಇಡುತ್ತೇನೆಂದು ಮಗಳು ಹಟ ಹಿಡಿದಳು. ಇಬ್ಬರೂ ತಿನ್ನಬಹುದಾದ, ಒಂದೇ ಬಗೆಯ ಚಾಕೊಲೆಟ್ ಎಲ್ಲಿ ಸಿಗುತ್ತದೆ ಎಂಬುದು ಆ ಮೇಲಿನ ಪ್ರಶ್ನೆ.

ಇದರಲ್ಲಿ ಇನ್ನೊಂದು ವಿಶೇಷವಿದೆ. ತಂದೆಯವರು ಅಡಿಕೆ ತೋಟದ ನಡುವೆ ನಲವತ್ತು ವರ್ಷ ಕೊಕ್ಕೊ ಬೆಳೆದವರು. ದಕ್ಷಿಣ ಕನ್ನಡದಲ್ಲಿ ಅಡಿಕೆಯ ನೆರಳಿನಲ್ಲಿ ಕೊಕ್ಕೊ ಬೆಳೆಯುವುದು ರೂಢಿ. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಬೆಳೆಗಾರರಿಂದ ಹಸಿ ಬೀಜವನ್ನು ಕೊಂಡು, 1986ರಿಂದ ಪುತ್ತೂರಿನ ತನ್ನ ಕಾರ್ಖಾನೆಯಲ್ಲಿ ಚಾಕೊಲೆಟ್ ತಯಾರಿಸುತ್ತಿದೆ. ಹೀಗೆ ಬೀಜ ಬೆಳೆದವರಿಗೇ ಚಾಕೊಲೆಟ್ ನಿಷಿದ್ಧವಾಗಿತ್ತು. ಊರಿನಲ್ಲಿ ಅದು ಯಾರಿಗೂ ದೊಡ್ಡ ಸಂಗತಿಯಾಗಿರಲಿಲ್ಲ. ಮೊಮ್ಮಗಳು ಚಪ್ಪಲಿ ಹೊರಗಿಟ್ಟ ಮೇಲೆ ಆಯಿತು.

ಮೊದಲು ಚಾಕೊಲೆಟ್ ಎಂದರೇನು ಎಂಬುದನ್ನು ನೋಡೋಣ. ಹುದುಗಿಸಿ, ಒಣಗಿಸಿ, ಹುರಿದ ಕೊಕ್ಕೊ ಬೀಜವನ್ನು ಅರೆದಾಗ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬೇ ಆಗಿರುವುದರಿಂದ ಅದು ಪುಡಿಯಾಗದೆ ಗಟ್ಟಿ ದ್ರವವಾಗುತ್ತದೆ. ಈ ದ್ರವ, ಅದರಿಂದಲೇ ಹಿಂಡಿ ತೆಗೆದ ಕೊಕ್ಕೊ ಬೆಣ್ಣೆ, ಸಕ್ಕರೆ, ಬೇಕಾದರೆ ಹಾಲಿನ ಪುಡಿ, ಕೊಂಚ ಸೋಯಾ ಲೆಸಿಥಿನ್, ವೆನಿಲ್ಲಾ. ಇಷ್ಟು ಸೇರಿದರೆ ಚಾಕೊಲೆಟ್. ಐರೋಪ್ಯ ಒಕ್ಕೂಟದ ನಿಯಮದಂತೆ ‘ಚಾಕೊಲೆಟ್’ ಎಂದು ಕರೆಸಿಕೊಳ್ಳಲು ಕನಿಷ್ಠ ಶೇಕಡಾ 35ರಷ್ಟು ಕೊಕ್ಕೊ ಘನಾಂಶ ಇರಬೇಕು. ಹಾಲಿನ ಚಾಕೊಲೆಟಿಗೆ ಶೇಕಡಾ 25 ಸಾಕು. ಈ ಪಟ್ಟಿಯಲ್ಲಿ ನೀರಿಲ್ಲ ಎಂಬುದನ್ನು ಗಮನಿಸಬೇಕು. ಸಕ್ಕರೆ ಇಲ್ಲಿ ಕರಗಿರುವುದಿಲ್ಲ. ಕೊಬ್ಬಿನ ನಡುವೆ ಅತಿ ಸಣ್ಣ ಹರಳುಗಳಾಗಿ ಚದುರಿ ನಿಂತಿರುತ್ತದೆ. ಆ ಹರಳುಗಳು ಸುಮಾರು 30 ಮೈಕ್ರಾನಿಗಿಂತ ದೊಡ್ಡದಾದರೆ ನಾಲಗೆಗೆ ಮರಳು ಮರಳಾಗಿ ತಗಲುತ್ತವೆ. ಕೊಕ್ಕೊ ಬೆಣ್ಣೆ ಸರಿಯಾದ ರೂಪದಲ್ಲಿ ಹೆಪ್ಪುಗಟ್ಟಿದ್ದರೆ ಸುಮಾರು 34 ಡಿಗ್ರಿಯಲ್ಲಿ, ಎಂದರೆ ಬಾಯಿಯ ಬಿಸಿಗಿಂತ ತುಸು ಕೆಳಗೆ, ಕರಗುತ್ತದೆ. ಸಕ್ಕರೆಯನ್ನು ತೆಗೆದು ಬೇರೇನನ್ನೋ ಇಡುವವರು ಎದುರಿಸಬೇಕಾದ ಕಷ್ಟವೆಲ್ಲ ಈ ರಚನೆಯಲ್ಲಿದೆ. ಅದಕ್ಕೆ ಮತ್ತೆ ಬರುತ್ತೇನೆ.

ಈ ಪಟ್ಟಿಯಲ್ಲಿ ಗೋಧಿಯೂ ಇಲ್ಲ. ಹಾಗಿದ್ದರೆ ‘ಗ್ಲುಟೆನ್ ಇಲ್ಲದ ಚಾಕೊಲೆಟ್’ ಎಂಬುದು ‘ಮೂಳೆಯಿಲ್ಲದ ಬಾಳೆಹಣ್ಣು’ ಎಂದಂತೆ ಆಗಲಿಲ್ಲವೇ? ನಾನೂ ಹಾಗೆಯೇ ತಿಳಿದಿದ್ದೆ, ಮತ್ತು ಹಾಗೆ ತಿಳಿದುದಕ್ಕೆ ಬೆಲೆ ತೆತ್ತವಳು ಮಗಳು.

ಗ್ಲುಟೆನ್ ಎಂಬುದು ಗೋಧಿಯಲ್ಲಿರುವ ಪ್ರೋಟೀನುಗಳ ಗುಂಪು. ಗೋಧಿ ಹಿಟ್ಟಿನ ಉಂಡೆಯನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಪಿಷ್ಟ ಹರಿದುಹೋಗಿ ರಬ್ಬರಿನಂತೆ ಎಳೆಯಬಹುದಾದ ಮುದ್ದೆಯೊಂದು ಉಳಿಯುತ್ತದೆ. ಇಟಲಿಯ ಬೊಲೊನ್ಯದ ಬೆಕ್ಕಾರಿ ಎಂಬ ವಿದ್ವಾಂಸ 18ನೆಯ ಶತಮಾನದಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದ. ಚಪಾತಿ ಹರಿಯದೆ ಲಟ್ಟಣಿಗೆಯಡಿ ಹಿಗ್ಗುವುದು, ಬ್ರೆಡ್ ಉಬ್ಬುವುದು ಇದರ ಬಲದಿಂದ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲೂ ಇದೇ ಕುಲದ ಪ್ರೋಟೀನುಗಳಿವೆ. ಅಕ್ಕಿ, ರಾಗಿ, ಜೋಳ, ನವಣೆಗಳಲ್ಲಿ ಇಲ್ಲ. ಬಹುಪಾಲು ಜನರಿಗೆ ಗ್ಲುಟೆನಿನಿಂದ ಯಾವ ತೊಂದರೆಯೂ ಇಲ್ಲ. ಆದರೆ ಹಲವು ದೇಶಗಳಲ್ಲಿ ಸರಿಸುಮಾರು ನೂರಕ್ಕೆ ಒಬ್ಬರಂತೆ ಕಾಣಿಸುವ ಸೀಲಿಯಾಕ್ ಕಾಯಿಲೆಯಲ್ಲಿ, ಗ್ಲುಟೆನಿನ ತುಣುಕುಗಳನ್ನು ಕಂಡ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರದ ಮೇಲೆ ಎರಗುತ್ತದೆ. ಆಹಾರವನ್ನು ಹೀರಿಕೊಳ್ಳುವ ಬೆರಳಿನಾಕಾರದ ಸೂಕ್ಷ್ಮ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಮಗು ಎಷ್ಟು ತಿಂದರೂ ಮೈ ಹತ್ತುವುದಿಲ್ಲ, ರಕ್ತಹೀನತೆ ಬರುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಇದು ಅಲರ್ಜಿಯೂ ಅಲ್ಲ, ಅಜೀರ್ಣವೂ ಅಲ್ಲ, ಇತ್ತೀಚಿನ ಆಹಾರ ಶೋಕಿಯಂತೂ ಅಲ್ಲವೇ ಅಲ್ಲ. ಊರಿನ ಬಂಧುಗಳಿಗೆ ಫೋನಿನಲ್ಲಿ ಇದನ್ನು ಹೇಳಿ ಹೇಳಿ ನನಗೆ ಕಂಠಪಾಠವಾಗಿದೆ.

ಕಾಯಿಲೆಗೂ ಗೋಧಿಗೂ ಇರುವ ನಂಟನ್ನು ಖಚಿತಪಡಿಸಿದವನು ವಿಲ್ಲೆಮ್ ಕಾರೆಲ್ ಡಿಕೆ ಎಂಬ ಡಚ್ ಮಕ್ಕಳ ವೈದ್ಯ. 1930ರ ದಶಕದಿಂದಲೇ ಅವನಿಗೆ ಗೋಧಿಯ ಮೇಲೆ ಗುಮಾನಿಯಿತ್ತು. 1944-45ರ ಚಳಿಗಾಲದಲ್ಲಿ, ಯುದ್ಧದ ಕೊನೆಯ ಘಟ್ಟದಲ್ಲಿ, ನೆದರ್‌ಲ್ಯಾಂಡಿನಲ್ಲಿ ಭೀಕರ ಬರಗಾಲ ಬಿದ್ದಿತು. ಬ್ರೆಡ್ ಸಿಗದೆ ಊರೆಲ್ಲ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡವು. ಗೋಧಿ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದವು. ಡಿಕೆ ತನ್ನ ಸಂಶೋಧನೆಯನ್ನು 1950ರಲ್ಲಿ ಪ್ರಬಂಧವಾಗಿ ಮಂಡಿಸಿದ. ಇಂದಿಗೂ ಇದಕ್ಕಿರುವ ಚಿಕಿತ್ಸೆ ಅವನು ಹೇಳಿದ್ದೇ: ಜೀವಮಾನವಿಡೀ ಗ್ಲುಟೆನ್ ವರ್ಜ್ಯ.

ಈಗ ನಮ್ಮ ತಪ್ಪಿನ ಕಥೆ. ಮಗಳ ಕಾಯಿಲೆ ಪತ್ತೆಯಾದ ಹೊಸತರಲ್ಲಿ ನಾನು ಒಂದು ಹಾಲಿನ ಚಾಕೊಲೆಟ್ ತಂದಿದ್ದೆ. ಒಳಗೆ ಗರಿಗರಿ ಅಕ್ಕಿ ಇದೆ ಎಂದು ಹೊದಿಕೆಯ ಮೇಲೆ ಚಿತ್ರವಿತ್ತು. ಅಕ್ಕಿ ಎಂದ ಮೇಲೆ ಮಂಡಕ್ಕಿಯಂಥದು, ಮಂಡಕ್ಕಿಗಿಂತ ನಿರಪಾಯದ್ದು ಇನ್ನೇನಿದೆ ಎಂದುಕೊಂಡು ಹಿಂಬದಿಯನ್ನು ಓದಲಿಲ್ಲ. ಆ ಸಂಜೆ ಅವಳು ಹೊಟ್ಟೆ ಹಿಡಿದುಕೊಂಡು ಮಲಗಿದ ಮೇಲೆ ಕಸದ ಬುಟ್ಟಿಯಿಂದ ಹೊದಿಕೆಯನ್ನು ತೆಗೆದು ನೋಡಿದರೆ ದಪ್ಪ ಅಕ್ಷರದಲ್ಲಿ ‘ಗೆರ್‌ಸ್ಟನ್‌ಮಾಲ್ಟ್‌ಎಕ್ಸ್‌ಟ್ರಾಕ್ಟ್’ ಎಂದಿತ್ತು. ಬಾರ್ಲಿಯನ್ನು ಮೊಳಕೆ ಬರಿಸಿ ತೆಗೆದ ಮಾಲ್ಟ್ ಸಾರ. ಇಲ್ಲಿನ ಗರಿಗರಿ ಅಕ್ಕಿಗೆ ಬಣ್ಣ ಮತ್ತು ಸ್ವಾದಕ್ಕಾಗಿ ಅದನ್ನು ಸೇರಿಸುವುದು ಸಾಮಾನ್ಯ. ತಪ್ಪು ತಯಾರಕರದಲ್ಲ, ಅವರು ಬರೆದಿದ್ದರು. ಓದದಿದ್ದುದು ನಾನು.

ಚಾಕೊಲೆಟಿನೊಳಗೆ ಗ್ಲುಟೆನ್ ನುಸುಳುವ ದಾರಿಗಳು ಇಂಥವೇ: ವೇಫರ್, ಬಿಸ್ಕತ್ತಿನ ಚೂರು, ಮಾಲ್ಟ್. ಈಚೆಗೆ ಹಾಲಿನ ಬದಲು ಓಟ್ಸ್ ಹಾಕಿದ ಚಾಕೊಲೆಟುಗಳೂ ಬಂದಿವೆ. ಓಟ್ಸ್ ಬೆಳೆಯುವ, ಸಾಗಿಸುವ ಹಾದಿಯಲ್ಲಿ ಗೋಧಿ, ಬಾರ್ಲಿಯ ಕಾಳುಗಳು ಬೆರೆಯುವುದರಿಂದ, ಪ್ರತ್ಯೇಕವಾಗಿ ಬೆಳೆದು ಗ್ಲುಟೆನ್ ಇಲ್ಲದ್ದೆಂದು ಗುರುತಿಸಿದ ಓಟ್ಸ್ ಹೊರತು ಬೇರೆಯದನ್ನು ನಂಬುವಂತಿಲ್ಲ. ಇದಲ್ಲದೆ ಯಾವ ಪದಾರ್ಥಪಟ್ಟಿಯಲ್ಲೂ ಕಾಣದ ದಾರಿಯೊಂದಿದೆ. ಬೆಳಿಗ್ಗೆ ಬಿಸ್ಕತ್ತು ತುಂಬಿದ ಚಾಕೊಲೆಟ್ ಹರಿದ ಯಂತ್ರದಲ್ಲೇ ಮಧ್ಯಾಹ್ನ ಬರಿಯ ಚಾಕೊಲೆಟ್ ಹರಿಯುತ್ತದೆ. ನೀರು ಚಾಕೊಲೆಟಿನ ಶತ್ರು. ಒಂದು ಹನಿ ಸೇರಿದರೂ ಅದು ಗಡುಸಾಗಿ ಗಂಟುಕಟ್ಟುತ್ತದೆ. ಆದ್ದರಿಂದ ಬೇರೆ ಆಹಾರ ಕಾರ್ಖಾನೆಗಳಂತೆ ಕೊಳವೆಗಳನ್ನು ಆಗಾಗ ನೀರಿನಿಂದ ತೊಳೆದುಬಿಡುವುದು ಇಲ್ಲಿ ಸುಲಭವಲ್ಲ. ಹೊದಿಕೆಯ ಮೇಲಿನ ‘ಗೋಧಿಯ ಕುರುಹುಗಳಿರಬಹುದು’ ಎಂಬ ಸಾಲು ಹುಟ್ಟುವುದು ಇಲ್ಲಿ.

ಈ ಸಾಲಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಹೊಸತಾಗಿ ಈ ಕಾಯಿಲೆಯೊಂದಿಗೆ ಬದುಕಲು ಕಲಿಯುವವರು ಎಡವುವುದು ಇಲ್ಲೇ. ಪದಾರ್ಥವಾಗಿ ಸೇರಿಸಿದ ಗೋಧಿ, ಬಾರ್ಲಿ, ರೈಗಳನ್ನು ಪಟ್ಟಿಯಲ್ಲಿ ಎದ್ದುಕಾಣುವಂತೆ ಮುದ್ರಿಸುವುದು ಐರೋಪ್ಯ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ ಕಡ್ಡಾಯ. ಆದರೆ ‘ಕುರುಹುಗಳಿರಬಹುದು’ ಎಂಬುದನ್ನು ಬರೆಯುವುದು ಐಚ್ಛಿಕ. ಅದು ಇದ್ದರೆ ಎಚ್ಚರಿಕೆ, ಇಲ್ಲದಿದ್ದರೆ ಅಭಯವಲ್ಲ. ಅಭಯ ಇರುವುದು ‘ಗ್ಲುಟೆನ್ ಇಲ್ಲದ್ದು’ ಎಂಬ ಮಾತಿನಲ್ಲಿ ಮಾತ್ರ. ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಅಮೆರಿಕದಲ್ಲೂ ಇದೇ ಮಿತಿ. 100 ಗ್ರಾಮಿನ ಚಾಕೊಲೆಟಿಗೆ ಲೆಕ್ಕ ಹಾಕಿದರೆ ಗರಿಷ್ಠ 2 ಮಿಲಿಗ್ರಾಂ. ಹೆಚ್ಚಿನ ಸೀಲಿಯಾಕ್ ರೋಗಿಗಳ ಕರುಳು ದಿನಕ್ಕೆ ಸುಮಾರು 10 ಮಿಲಿಗ್ರಾಮಿನವರೆಗೆ ತಾಳಿಕೊಳ್ಳುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಒಂದು ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ ಎಂದರೆ, ಆ ಹತ್ತು ಮಿಲಿಗ್ರಾಂ ಒಂದು ಚಿಟಿಕೆ ಹಿಟ್ಟಿಗಿಂತಲೂ ಕಡಿಮೆ. ಕೆಲವು ಹೊದಿಕೆಗಳ ಮೇಲೆ ಗೋಧಿಯ ತೆನೆಯೊಂದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ ಚಿಹ್ನೆ ಇರುತ್ತದೆ. ಜರ್ಮನಿಯಲ್ಲಿ ಇದರ ಪರವಾನಗಿ ಕೊಡುವುದು ಸ್ಟುಟ್‌ಗಾರ್ಟಿನಲ್ಲಿರುವ ಜರ್ಮನ್ ಸೀಲಿಯಾಕ್ ಸಂಘ. ಓದುವ ಭಾಷೆ ಬಾರದಿದ್ದರೂ ನನ್ನ ತಂದೆಯವರು ಎರಡೇ ದಿನದಲ್ಲಿ ಈ ತೆನೆಯನ್ನು ದೂರದಿಂದ ಗುರುತಿಸತೊಡಗಿದರು.

ಒಂದೇ ಕಂಪನಿಯ ಒಂದೇ ಹೆಸರಿನ ಚಾಕೊಲೆಟ್ ಆದರೂ ಆಕಾರ ಬದಲಾದರೆ ಮತ್ತೆ ಓದಬೇಕು. ಬಿಲ್ಲೆಯಲ್ಲಿ ಇಲ್ಲದ ಎಚ್ಚರಿಕೆ ಟೊಳ್ಳು ನಿಕೊಲಾಸನ ಬೊಂಬೆಯಲ್ಲಿ ಇರಬಹುದು. ಹಬ್ಬದ ಬೊಂಬೆಗಳನ್ನು ಬೇರೆ ಸಾಲಿನಲ್ಲಿ, ಕೆಲವೊಮ್ಮೆ ಬೇರೆ ಕಾರ್ಖಾನೆಯಲ್ಲೇ ಎರಕ ಹೊಯ್ಯುತ್ತಾರೆ. ಇದಕ್ಕೆ ವಿರುದ್ಧವಾಗಿ, ಹೆದರಬೇಕಾಗಿಲ್ಲದ ಕಡೆ ಹೆದರುವವರೂ ಇದ್ದಾರೆ. ಗೋಧಿಯಿಂದ ತಯಾರಿಸಿದ ಗ್ಲೂಕೋಸ್ ಸಿರಪ್ಪಿನಲ್ಲಿ ಪ್ರೋಟೀನ್ ಬಹುತೇಕ ಉಳಿದಿರುವುದಿಲ್ಲವಾದ್ದರಿಂದ ಐರೋಪ್ಯ ನಿಯಮವೇ ಅದಕ್ಕೆ ವಿನಾಯಿತಿ ಕೊಟ್ಟಿದೆ. ಜರ್ಮನರು ಪ್ರೀತಿಯಿಂದ ಕೊಡುವ ‘ಡಿಂಕೆಲ್’ ಬಿಸ್ಕತ್ತಿಗೆ ಮಾತ್ರ ಯಾವ ವಿನಾಯಿತಿಯೂ ಇಲ್ಲ. ಡಿಂಕೆಲ್ ಗೋಧಿಯದೇ ಹಳೆಯ ತಳಿ. ನಮ್ಮ ಉತ್ತರ ಕರ್ನಾಟಕದ ಜವೆ ಗೋಧಿಯ ಕಥೆಯೂ ಅದೇ. ‘ಹಳೆ ಕಾಲದ್ದು, ಏನೂ ಆಗುವುದಿಲ್ಲ’ ಎಂಬ ಮಾತು ಎರಡೂ ದೇಶಗಳಲ್ಲಿ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಊರಿನಿಂದ ಬರುವ ಡಬ್ಬಿಯ ಇಂಗನ್ನೂ ಹೀಗೆಯೇ ಓದಿ ನೋಡಬೇಕು. ಅದರಲ್ಲಿ ಬಹಳ ಸಲ ಗೋಧಿ ಹಿಟ್ಟೇ ಮುಖ್ಯ ಪದಾರ್ಥ.

ಇನ್ನು ಸಕ್ಕರೆ. ಗ್ಲುಟೆನ್ ಪ್ರಶ್ನೆ ಇರುವುದು ಮತ್ತು ಇಲ್ಲದಿರುವುದರ ನಡುವೆ. ಸಕ್ಕರೆಯ ಪ್ರಶ್ನೆ ಅಷ್ಟು ನೇರವಾಗಿಲ್ಲ.

ಸಕ್ಕರೆಗೆ ಬದಲಿ ಹುಡುಕುವ ಯತ್ನ ಜರ್ಮನಿಯಲ್ಲಿ ಹಳೆಯದು. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಡಾಂಬರಿನ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟಾಂಟಿನ್ ಫಾಲ್‌ಬೆರ್ಗ್, ತನ್ನ ಕೈಗೆ ಅಂಟಿದ್ದ ವಸ್ತು ಸಿಹಿಯಾಗಿರುವುದನ್ನು ಊಟದ ಹೊತ್ತಿಗೆ ಕಂಡುಕೊಂಡ. ಅದೇ ಸ್ಯಾಕರಿನ್. ಅವನು ಅದರ ಕಾರ್ಖಾನೆಯನ್ನು ತೆರೆದದ್ದು ಮಾಗ್ಡೆಬುರ್ಗಿನ ಬಳಿ, ಬೀಟ್ ಸಕ್ಕರೆಯ ಸೀಮೆಯ ನಟ್ಟನಡುವೆ. ಸಕ್ಕರೆ ಉದ್ಯಮದವರ ಒತ್ತಡದಿಂದ 1902ರಲ್ಲಿ ಸ್ಯಾಕರಿನ್ ಮಾರಾಟ ಔಷಧಿ ಅಂಗಡಿಗಳಿಗೆ ಸೀಮಿತವಾಯಿತು. ಸ್ವಿಟ್ಜರ್‌ಲ್ಯಾಂಡಿನಿಂದ ಅದನ್ನು ಕಳ್ಳಸಾಗಣೆ ಮಾಡುವ ದಂಧೆಯೂ ಹುಟ್ಟಿಕೊಂಡಿತು. ಅದೇ 1879ರಲ್ಲಿ ಸ್ವಿಸ್ ನಗರ ಬೆರ್ನ್‌ನಲ್ಲಿ ರೊಡೊಲ್ಫ್ ಲಿಂಡ್ಟ್ ಚಾಕೊಲೆಟನ್ನು ಗಂಟೆಗಟ್ಟಲೆ ತೀಡಿ ನುಣುಪಾಗಿಸುವ ವಿಧಾನವನ್ನು ರೂಪಿಸಿದನೆಂಬುದು ಕೇವಲ ಕಾಕತಾಳೀಯ.

ಸ್ಯಾಕರಿನ್ ಸಕ್ಕರೆಗಿಂತ ನೂರಾರು ಪಟ್ಟು ಸಿಹಿ. ಆದರೆ ಅದರಿಂದ ಚಾಕೊಲೆಟ್ ಮಾಡಲಾಗದು, ಮತ್ತು ಕಾರಣ ರುಚಿಯೊಂದೇ ಅಲ್ಲ. ಸಾಮಾನ್ಯ ಚಾಕೊಲೆಟ್ ಬಿಲ್ಲೆಯ ಹೆಚ್ಚುಕಡಿಮೆ ಅರ್ಧ ತೂಕ ಸಕ್ಕರೆಯದು. ಅದನ್ನು ತೆಗೆದು ಒಂದು ಚಿಟಿಕೆ ಸ್ಯಾಕರಿನ್ ಹಾಕಿದರೆ ಉಳಿದ ಜಾಗದಲ್ಲಿ ಏನಿಡುವುದು? ಗೋಡೆಯಿಂದ ಇಟ್ಟಿಗೆಗಳನ್ನೆಲ್ಲ ತೆಗೆದು ಬಣ್ಣವನ್ನಷ್ಟೇ ಉಳಿಸಿಕೊಂಡಂತಾಗುತ್ತದೆ. ಆದ್ದರಿಂದ ಸಿಹಿಯಾಗಿಯೂ ಇರಬೇಕು, ಹರಳಾಗಿಯೂ ಇರಬೇಕು, ತೂಕವನ್ನೂ ತುಂಬಬೇಕು ಎಂಬಂಥ ವಸ್ತು ಬೇಕು.

ಜರ್ಮನಿಯಲ್ಲಿ ದಶಕಗಳ ಕಾಲ ಈ ಜಾಗದಲ್ಲಿದ್ದುದು ಫ್ರಕ್ಟೋಸ್, ಹಣ್ಣಿನ ಸಕ್ಕರೆ. ಅದು ರಕ್ತದ ಗ್ಲೂಕೋಸನ್ನು ಒಡನೆಯೇ ಏರಿಸುವುದಿಲ್ಲವಾದ್ದರಿಂದ ‘ಮಧುಮೇಹಿಗಳ ಚಾಕೊಲೆಟ್’ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಪ್ರತ್ಯೇಕ ಕಪಾಟೇ ಇತ್ತು. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಊರಿಗೆ ಹೋಗುವಾಗ ತಂದೆಗೆಂದು ಅದನ್ನು ಕೊಂಡೊಯ್ದದ್ದುಂಟು. ಮುಂದೆ ತಿಳಿದದ್ದೇನೆಂದರೆ, ಹೆಚ್ಚು ಪ್ರಮಾಣದ ಫ್ರಕ್ಟೋಸನ್ನು ಯಕೃತ್ತು ಕೊಬ್ಬಾಗಿಸುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ. ಚಾಕೊಲೆಟಿನ ಕೊಬ್ಬು, ಕ್ಯಾಲೊರಿಗಳಂತೂ ಇದ್ದಲ್ಲೇ ಇದ್ದವು. ಮಧುಮೇಹಿಗಳಿಗೆ ಪ್ರತ್ಯೇಕ ತಿನಿಸು ಬೇಕಿಲ್ಲ, ಎಲ್ಲರಿಗೂ ಹೇಳುವ ಹಿತಮಿತದ ಆಹಾರವೇ ಅವರಿಗೂ ಸಾಕು ಎಂಬ ನಿಲುವಿಗೆ ತಜ್ಞರು ಬಂದರು. 2010ರಲ್ಲಿ ನಿಯಮಗಳ ತಿದ್ದುಪಡಿಯಾಗಿ, 2012ರ ಅಕ್ಟೋಬರ್ ಹೊತ್ತಿಗೆ ‘ಮಧುಮೇಹಿಗಳಿಗೆ ಸೂಕ್ತ’ ಎಂಬ ಬರಹ ಮಾರುಕಟ್ಟೆಯಿಂದ ಹೋಯಿತು. ಇಂದು ಆ ಜಾಗದಲ್ಲಿರುವ ‘ಸಕ್ಕರೆ ಸೇರಿಸದ’ ಚಾಕೊಲೆಟುಗಳು ಆ ಮಾತನ್ನು ಹೇಳುವುದಿಲ್ಲ. ಆದರೂ ಕೊಳ್ಳುವವರು ಅದನ್ನೇ ಕೇಳಿಸಿಕೊಳ್ಳುತ್ತಾರೆ.

ಈಗ ಫ್ರಕ್ಟೋಸಿನ ಬದಲು ಬಂದಿರುವುದು ಪಾಲಿಯಾಲ್‌ಗಳು. ಇವುಗಳಲ್ಲಿ ಚಾಕೊಲೆಟ್ ತಯಾರಕರಿಗೆ ಅಚ್ಚುಮೆಚ್ಚಿನದು ಮಾಲ್ಟಿಟಾಲ್. ಪದಾರ್ಥಪಟ್ಟಿಯಲ್ಲಿ ಇ 965. ಪಿಷ್ಟದಿಂದ ಪಡೆದ ಮಾಲ್ಟೋಸಿಗೆ ಹೈಡ್ರೋಜನ್ ಸೇರಿಸಿ ಮಾಡುತ್ತಾರೆ. ಸಿಹಿ ಸಕ್ಕರೆಗೆ ಹತ್ತಿರ, ಹರಳು ಸಕ್ಕರೆಯಂತೆ, ತೂಕವೂ ಒಂದಕ್ಕೊಂದು ಸರಿ. ಇನ್ನೊಂದು ಎರಿಥ್ರಿಟಾಲ್, ಇ 968. ಗ್ಲೂಕೋಸನ್ನು ಯೀಸ್ಟಿನಿಂದ ಹುದುಗಿಸಿ ಪಡೆಯುವುದು. ಅದರ ಸಿಹಿ ಸಕ್ಕರೆಯ ಮೂರನೆಯ ಎರಡು ಭಾಗದಷ್ಟು. ಕೊರತೆ ತುಂಬಲು ಸ್ಟೀವಿಯಾ ಬೆರೆಸುತ್ತಾರೆ. ಸ್ಟೀವಿಯಾ ಪರಾಗ್ವೆ ಕಡೆಯ ಗಿಡವೊಂದರ ಎಲೆಯ ಸಾರ. ಐರೋಪ್ಯ ಒಕ್ಕೂಟ ಅದಕ್ಕೆ 2011ರ ಕೊನೆಯಲ್ಲಿ ಅನುಮತಿ ಕೊಟ್ಟಿತು. ಜಾಗ ತುಂಬಲು ಬಳಸುವ ಇನ್ನೊಂದು ವಸ್ತು ಇನ್ಯುಲಿನ್ ಎಂಬ ನಾರು. ಇನ್ಸುಲಿನ್ನಿಗೂ ಇದಕ್ಕೂ ಸಂಬಂಧವಿಲ್ಲ. ಇದು ಬರುವುದು ನಮ್ಮ ಕಾಫಿ ಪುಡಿಗೆ ಬೆರೆಸುವ ಅದೇ ಚಿಕೋರಿ ಬೇರಿನಿಂದ.

ನಾವು ನಾಲ್ಕು ಬಗೆಯ ಬಿಲ್ಲೆಗಳನ್ನು ತಂದು, ಹೆಸರು ಕಾಣದಂತೆ ತಟ್ಟೆಗಳಲ್ಲಿ ಮುರಿದಿಟ್ಟು ರುಚಿ ನೋಡಿದೆವು. ನಾಲ್ಕರ ಮೇಲೂ ಗ್ಲುಟೆನ್ ಇಲ್ಲವೆಂಬ ಬರಹವಿತ್ತು. ಮಾಲ್ಟಿಟಾಲ್ ಹಾಕಿದ ಹಾಲಿನ ಚಾಕೊಲೆಟನ್ನು ಮಗಳು ಸಾಮಾನ್ಯ ಚಾಕೊಲೆಟ್ ಎಂದೇ ತೀರ್ಮಾನಿಸಿದಳು. ನನಗೂ ವ್ಯತ್ಯಾಸ ತಿಳಿಯಲಿಲ್ಲ. ಎರಿಥ್ರಿಟಾಲ್ ಇದ್ದದ್ದು ವಿಚಿತ್ರ. ಬಾಯಿಗಿಟ್ಟೊಡನೆ ಪುದೀನಾ ತಿಂದಂತೆ ನಾಲಗೆ ತಣ್ಣಗಾಯಿತು. ಇದು ಭ್ರಮೆಯಲ್ಲ. ಎರಿಥ್ರಿಟಾಲ್ ಹರಳು ಜೊಲ್ಲಿನಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಗಣನೀಯವಾಗಿ ಹೀರಿಕೊಳ್ಳುತ್ತದೆ. ಸಾಮಾನ್ಯ ಸಕ್ಕರೆಯಲ್ಲೂ ಈ ಗುಣ ಇದೆ, ಆದರೆ ಗೊತ್ತಾಗದಷ್ಟು ಕಡಿಮೆ. ಕೊಕ್ಕೊ ಬೆಣ್ಣೆಗೆ ಕರಗಲು ಬಿಸಿ ಬೇಕು. ಸಿಹಿಯೇ ಬಾಯಿಯನ್ನು ತಣಿಸುತ್ತಿದ್ದರೆ ಚಾಕೊಲೆಟ್ ಮೇಣದಂತೆ ತಡವಾಗಿ ಕರಗುತ್ತದೆ. ಅದರ ಹಿಂದೆಯೇ ಸ್ಟೀವಿಯಾದ, ಅತಿಮಧುರವನ್ನು ಅಗಿದಂಥ ಕೊನೆರುಚಿ. ತಂದೆಯವರು ಸಜ್ಜನಿಕೆಯಿಂದ ‘ಅಡ್ಡಿಯಿಲ್ಲ’ ಎಂದರು. ಎರಡನೆಯ ತುಂಡನ್ನು ಮುಟ್ಟಲಿಲ್ಲ. ಮೂರನೆಯದು ಇನ್ಯುಲಿನ್ ಹೆಚ್ಚಿದ್ದ ಕಪ್ಪು ಚಾಕೊಲೆಟ್, ಹಲ್ಲಿಗೆ ತುಸು ಅಂಟುತ್ತಿತ್ತು. ನಾಲ್ಕನೆಯದಕ್ಕೆ ಖರ್ಜೂರದ ಸಿಹಿ. ಹೊದಿಕೆ ಅತ್ಯಂತ ಸುಂದರವಾದುದು ಇದರದೇ, ಬೆಲೆಯೂ ಎಲ್ಲಕ್ಕಿಂತ ಹೆಚ್ಚು.

ಖರ್ಜೂರದ ಮಾತು ಬಂದುದರಿಂದ ಅದನ್ನು ಇಲ್ಲೇ ಮುಗಿಸುತ್ತೇನೆ. ಒಣ ಖರ್ಜೂರದ ಅರ್ಧಕ್ಕಿಂತ ಹೆಚ್ಚು ತೂಕ ಸಕ್ಕರೆಯೇ. ಸಿಹಿಗಾಗಿಯೇ ಸೇರಿಸಿದ್ದರೆ ಅಂಥ ಚಾಕೊಲೆಟನ್ನು ‘ಸಕ್ಕರೆ ಸೇರಿಸದ್ದು’ ಎಂದು ಕರೆಯಲು ಐರೋಪ್ಯ ನಿಯಮ ಬಿಡುವುದಿಲ್ಲ. ಆದ್ದರಿಂದ ‘ಖರ್ಜೂರದಿಂದ ಮಾತ್ರ ಸಿಹಿ’ ಎಂದು ಬರೆಯುತ್ತಾರೆ. ತೆಂಗಿನ ಹೂವಿನ ಸಕ್ಕರೆ, ಜೇನು, ಮೇಪಲ್ ಸಿರಪ್ ಎಲ್ಲದರ ಪಾಡೂ ಇದೇ. ಊರಿನಲ್ಲಿ ‘ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ಮಾತ್ರ’ ಎನ್ನುವ ಮಧುಮೇಹಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಲ್ಟಿಟಾಲಿನ ಬಿಲ್ಲೆ ಗೆದ್ದಿತು ಎಂದುಕೊಂಡೆವು. ಮರುದಿನ ಮಧ್ಯಾಹ್ನ ನಾವು ಯಾರೂ ಇಲ್ಲದಾಗ ತಂದೆಯವರು ಉಳಿದ ಮುಕ್ಕಾಲು ಬಿಲ್ಲೆಯನ್ನು ತಿಂದು ಮುಗಿಸಿದ್ದರು. ಇಪ್ಪತ್ತು ವರ್ಷದ ಸಂಯಮ ಸಡಿಲಿತು; ‘ಸಕ್ಕರೆ ಇಲ್ಲ ಎಂದಿದ್ದೀಯಲ್ಲ’ ಎಂಬುದು ಅವರ ಸಮರ್ಥನೆ. ಸಂಜೆಯಿಡೀ ಹೊಟ್ಟೆ ಉಬ್ಬರ, ನಾಲ್ಕಾರು ಸಲ ಶೌಚ. ಮಾಲ್ಟಿಟಾಲ್ ಸಣ್ಣ ಕರುಳಿನಲ್ಲಿ ಭಾಗಶಃ ಮಾತ್ರ ಹೀರಲ್ಪಡುತ್ತದೆ. ಉಳಿದುದು ದೊಡ್ಡ ಕರುಳಿಗೆ ಇಳಿದು ಅಲ್ಲಿ ನೀರನ್ನು ಸೆಳೆಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ಹುಟ್ಟಿಸುತ್ತವೆ. ಪಾಲಿಯಾಲ್ ಶೇಕಡಾ 10ನ್ನು ಮೀರಿದರೆ ‘ಅತಿಯಾಗಿ ಸೇವಿಸಿದರೆ ಭೇದಿಯಾಗಬಹುದು’ ಎಂದು ಬರೆಯುವುದು ಕಡ್ಡಾಯ, ಮತ್ತು ಅದು ಬರೆದಿತ್ತು, ಜರ್ಮನ್ ಭಾಷೆಯಲ್ಲಿ. ನಾನು ಓದಿ ಹೇಳಿರಲಿಲ್ಲ. ಎರಡನೆಯ ಸಲ ಅದೇ ತಪ್ಪು.

ಹೊಟ್ಟೆಗಿಂತ ಮುಖ್ಯವಾದದ್ದು ರಕ್ತದ ಸಕ್ಕರೆ. ‘ಸಕ್ಕರೆ ಇಲ್ಲ’ ಎಂಬ ಮಾತಿಗೆ ಕಾನೂನಿನ ಅರ್ಥ 100 ಗ್ರಾಮಿನಲ್ಲಿ 0.5 ಗ್ರಾಮಿಗಿಂತ ಹೆಚ್ಚಿಲ್ಲ ಎಂದು. ಆ ಲೆಕ್ಕದಲ್ಲಿ ಪಾಲಿಯಾಲ್‌ಗಳು ಸಕ್ಕರೆಯೆಂದು ಎಣಿಕೆಯಾಗುವುದೇ ಇಲ್ಲ. ಹಾಲಿನ ಚಾಕೊಲೆಟ್ ಈ ಮಾತನ್ನು ಎಂದೂ ಹೇಳಲಾರದು, ಹಾಲಿನಲ್ಲೇ ಲ್ಯಾಕ್ಟೋಸ್ ಇದೆಯಲ್ಲ. ಅದಕ್ಕಾಗಿಯೇ ಅದು ‘ಸೇರಿಸದ್ದು’ ಎಂಬ ಮಾತಿಗೆ ನಿಲ್ಲುತ್ತದೆ. ಆದರೆ ದೇಹ ಕಾನೂನನ್ನು ಓದುವುದಿಲ್ಲ. ಮಾಲ್ಟಿಟಾಲಿನ ಗ್ಲೈಸೀಮಿಕ್ ಸೂಚ್ಯಂಕ ಸುಮಾರು 35. ಸಕ್ಕರೆಯದು ಸುಮಾರು 65. ಅರ್ಧವಾಯಿತು, ಸೊನ್ನೆಯಾಗಲಿಲ್ಲ. ಆ ಸಂಜೆ ತಂದೆಯವರ ಗ್ಲೂಕೋಮೀಟರ್ ಕೂಡ ಅದನ್ನೇ ತೋರಿಸಿತು. ಎರಿಥ್ರಿಟಾಲ್ ಮಾತ್ರ ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲವೆನ್ನಬಹುದು. ಅದರ ಬಹುಭಾಗ ಹೀರಲ್ಪಟ್ಟು ಹಾಗೆಯೇ ಮೂತ್ರದಲ್ಲಿ ಹೊರಹೋಗುತ್ತದೆ. ಆದರೆ ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಹೆಚ್ಚು ಕಂಡವೆಂದು 2023ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸಂಶೋಧಕರು ಪ್ರಕಟಿಸಿದರು. ದೇಹವೂ ತಾನಾಗಿ ಎರಿಥ್ರಿಟಾಲನ್ನು ಕೊಂಚ ಉತ್ಪಾದಿಸುವುದರಿಂದ ಇದು ಕಾರಣವೋ ಬರಿಯ ಗುರುತೋ ಎಂಬ ಚರ್ಚೆ ಮುಗಿದಿಲ್ಲ. ಹೃದಯದ ಔಷಧಿಯನ್ನೂ ತೆಗೆದುಕೊಳ್ಳುವ ಎಪ್ಪತ್ತಾರು ವರ್ಷದವರಿಗೆ, ರುಚಿಯೂ ಹಿಡಿಸದ ಮೇಲೆ, ಅದನ್ನು ಒತ್ತಾಯಿಸಲು ನನಗೆ ಮನಸ್ಸಾಗಲಿಲ್ಲ.

ಕ್ಯಾಲೊರಿಯ ಲೆಕ್ಕವನ್ನೂ ಹಾಕಿ ನೋಡಿದೆ. ನೂರು ಗ್ರಾಮಿನ ಬಿಲ್ಲೆಯಲ್ಲಿ 45 ಗ್ರಾಂ ಸಕ್ಕರೆ ಇದ್ದರೆ ಅದರಿಂದ 180 ಕಿಲೋಕ್ಯಾಲೊರಿ. ಅಷ್ಟೇ ಮಾಲ್ಟಿಟಾಲ್ ಹಾಕಿದರೆ, ಇಲ್ಲಿನ ನಿಯಮದ ಗ್ರಾಮಿಗೆ 2.4ರ ದರದಂತೆ, 108. ಉಳಿತಾಯ 72, ಬಿಲ್ಲೆಯ ಒಟ್ಟು ಮೊತ್ತ ಐನೂರರ ಆಸುಪಾಸು, ಬಹುಪಾಲು ಕೊಕ್ಕೊ ಬೆಣ್ಣೆಯದು. ಹಲ್ಲಿಗೆ ಮಾತ್ರ ಪಾಲಿಯಾಲ್ ನಿಜಕ್ಕೂ ಒಳ್ಳೆಯದು, ಬಾಯಿಯ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಲಾರವು.

ಹೊದಿಕೆಯ ಹಿಂಬದಿಯ ಕೋಷ್ಟಕದಲ್ಲಿ ಮಧುಮೇಹಿಗಳು ನೋಡಬೇಕಾದ್ದು ‘ಸಕ್ಕರೆ’ ಎಂಬ ಸಾಲನ್ನಲ್ಲ, ಅದರ ಮೇಲಿನ ‘ಕಾರ್ಬೊಹೈಡ್ರೇಟ್’ ಎಂಬ ಸಾಲನ್ನು, ಮತ್ತು ಅದರಲ್ಲಿ ಪಾಲಿಯಾಲ್ ಎಷ್ಟು ಎಂಬುದನ್ನು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಗುಳಿಗೆಗಳನ್ನು ತೆಗೆದುಕೊಳ್ಳುವವರಿಗೆ ಹಠಾತ್ತನೆ ಸಕ್ಕರೆ ಕುಸಿದು ಬೆವರು, ನಡುಕ ಬಂದಾಗ ಈ ಚಾಕೊಲೆಟ್ ಉಪಯೋಗಕ್ಕೆ ಬರುವುದಿಲ್ಲ. ಸಾಮಾನ್ಯ ಚಾಕೊಲೆಟ್ ಕೂಡ ಆಗದು, ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಆಗ ಬೇಕಾದ್ದು ಗ್ಲೂಕೋಸ್, ಇಲ್ಲವೇ ಸಕ್ಕರೆ ನೀರು. ಹಾಗೆಯೇ ಮನೆಯಲ್ಲಿ ನಾಯಿ ಇರುವವರು ‘ಬಿರ್ಕೆನ್‌ತ್ಸುಕರ್’ ಎಂಬ ಹೆಸರಿನಲ್ಲಿ ಬರುವ ಕ್ಸೈಲಿಟಾಲನ್ನು ಎಚ್ಚರದಿಂದ ಇಡಬೇಕು. ನಾಯಿಗೆ ಚಾಕೊಲೆಟೂ ವಿಷ, ಕ್ಸೈಲಿಟಾಲ್ ಇನ್ನೂ ಘೋರ ವಿಷ.

ಕೊನೆಗೆ ನಾವು ಬಂದು ತಲುಪಿದ್ದು ಆ ಸಣ್ಣ ಕಪಾಟಿನ ಮುಂದೆ ಅಲ್ಲ, ದೊಡ್ಡ ಸಾಲಿನಲ್ಲೇ. ಶೇಕಡಾ 85ರಷ್ಟು ಕೊಕ್ಕೊ ಇರುವ ಸಾಮಾನ್ಯ ಕಪ್ಪು ಚಾಕೊಲೆಟಿನಲ್ಲಿ ನೂರು ಗ್ರಾಮಿಗೆ ಸುಮಾರು 15 ಗ್ರಾಂ ಸಕ್ಕರೆ ಇರುತ್ತದೆ. ಹತ್ತು ಗ್ರಾಮಿನ ಒಂದು ತುಂಡಿಗೆ ಒಂದೂವರೆ ಗ್ರಾಂ, ಮೂರನೆಯ ಒಂದು ಚಮಚೆಗೂ ಹೆಚ್ಚಿಲ್ಲ. ಪದಾರ್ಥಗಳು ನಾಲ್ಕೇ. ಒಂದು ತುಂಡಿನ ಮೇಲೆ ತಿನ್ನಬೇಕೆನಿಸದಷ್ಟು ಕಹಿ. ಅದೇ ಅದರ ಕಡಿವಾಣ. ತಂದೆಯವರ ವೈದ್ಯರೂ ಊಟದ ನಂತರ ಒಂದು ತುಂಡಿಗೆ ಫೋನಿನಲ್ಲೇ ಒಪ್ಪಿಗೆ ಕೊಟ್ಟರು. ಗ್ಲುಟೆನ್ ಇಲ್ಲವೆಂದು ಸ್ಪಷ್ಟವಾಗಿ ಬರೆದಿದ್ದ ಒಂದನ್ನು ಹುಡುಕಲು ಮೂರು ಅಂಗಡಿ ಸುತ್ತಬೇಕಾಯಿತು. ಬೆಲೆ ಖರ್ಜೂರದ್ದಕ್ಕಿಂತ ಎಷ್ಟೋ ಕಡಿಮೆ.

ಡಿಸೆಂಬರ್ 6ರ ಬೆಳಿಗ್ಗೆ ಬೂಟಿನಲ್ಲೂ ಚಪ್ಪಲಿಯ ಮೇಲೂ ಅದರ ತುಂಡುಗಳಿದ್ದವು, ಮಗಳ ಬೂಟಿನಲ್ಲಿ ಎರಡು ಕಿತ್ತಳೆ ಹಣ್ಣು ಹೆಚ್ಚಿಗೆ. ಅವಳು ಒಂದು ಮೂಲೆಯನ್ನು ಕಚ್ಚಿ ಮುಖ ಕಿವುಚಿ, ಇದು ಚಾಕೊಲೆಟೇ ಅಲ್ಲ ಎಂದಳು. ತಂದೆಯವರು ತುಂಡನ್ನು ಬಾಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಅಂಗಳದಲ್ಲಿ ಒಣಹಾಕಿದ ಬೀಜವನ್ನು ಹದ ನೋಡಲು ಹಲ್ಲಿನಲ್ಲಿ ಕಚ್ಚಿದಾಗ ಬರುವ ರುಚಿ ಇದೇ ಎಂದು ಅವಳಿಗೆ ವಿವರಿಸತೊಡಗಿದರು. ಕಾಯಿಯೊಳಗೆ ಬೀಜದ ಸುತ್ತ ಬಿಳಿಯ ತಿರುಳು ಇರುತ್ತದೆ, ಅದು ಮಾತ್ರ ಜೇನಿನಂತೆ ಸಿಹಿ, ಮಕ್ಕಳು ಅದನ್ನು ಚೀಪಿ ಬೀಜ ಉಗುಳುತ್ತಾರೆ, ಅಳಿಲುಗಳೂ ಹಾಗೆಯೇ ಮಾಡುತ್ತವೆ ಎಂದರು. ಅದರಲ್ಲಿ ಗ್ಲುಟೆನ್ ಇದೆಯೇ ಎಂದು ಮಗಳು ಕೇಳಿದಳು. ಇಲ್ಲವೆಂದಾಗ, ಬರುವ ಬೇಸಿಗೆಯ ರಜೆಗೆ ಊರಿಗೆ ಹೋಗುವುದೆಂದು ಇಬ್ಬರೂ ನನ್ನನ್ನು ಕೇಳದೆಯೇ ನಿರ್ಧರಿಸಿದರು.